ಅಗ್ಗದ ಸಿಗರೇಟಿಗೇ ಜಾಸ್ತಿ ಏಟು: ಫಿಲಿಪ್ಪೀನ್ಸ್ ಹಾಕಿದ ಲೆಕ್ಕ

2012ರ ಕೊನೆಯವರೆಗೆ ಫಿಲಿಪ್ಪೀನ್ಸ್‌ನ ಸಿಗರೇಟು ತೆರಿಗೆ ವಿಚಿತ್ರವಾಗಿತ್ತು. ಅಗ್ಗದ ಬ್ರ್ಯಾಂಡಿನ ಒಂದು ಪ್ಯಾಕಿಗೆ 2.72 ಪೆಸೊ, ದುಬಾರಿಯದಕ್ಕೆ 28.30 ಪೆಸೊ. ನಡುವೆ ಇನ್ನೆರಡು ಹಂತ. ಹಳೆಯ ಬ್ರ್ಯಾಂಡುಗಳು ಯಾವ ಹಂತಕ್ಕೆ ಸೇರುತ್ತವೆ ಎಂದು ತೀರ್ಮಾನಿಸಲು 1996ರ ಬೆಲೆ ನೋಡುತ್ತಿದ್ದರು! ಹದಿನಾರು ವರ್ಷದಲ್ಲಿ ಅಂಗಡಿಯ ಬೆಲೆ ಎಲ್ಲಿಗೋ ಹೋಗಿತ್ತು. ತೆರಿಗೆಯ ಹಂತ ಮಾತ್ರ ಇದ್ದಲ್ಲೇ ಇತ್ತು.

ಮೇಲ್ನೋಟಕ್ಕೆ ಇದು ಬಡವರಿಗೆ ತೋರಿದ ದಯೆ. ಆದರೆ ಹೀಗೆ ಹಂತ ಹಂತವಾಗಿ ಹಾಕುವ ತೆರಿಗೆ ಮೆಟ್ಟಿಲಿದ್ದ ಹಾಗೆ. ಮೇಲಿನ ಬ್ರ್ಯಾಂಡ್ ದುಬಾರಿಯಾದರೆ ಜನ ಸಿಗರೇಟು ಬಿಡುವುದಿಲ್ಲ, ಒಂದು ಮೆಟ್ಟಿಲು ಇಳಿದು ಅಲ್ಲಿನ ಬ್ರ್ಯಾಂಡ್ ಸೇದುತ್ತಾರೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಬಡವರೂ, ಹೊಸದಾಗಿ ಚಟ ಹತ್ತಿಸಿಕೊಳ್ಳುವ ಹುಡುಗರೂ ಇರುತ್ತಾರೆ. ತಂಬಾಕಿನ ಕಾಯಿಲೆಯ ಖರ್ಚು ತಡೆಯಲಾರದವರೂ ಇವರೇ.

ತೆರಿಗೆ ಏರಿಸಿದರೆ ಸರ್ಕಾರಕ್ಕೆ ನಷ್ಟ ಆಗಲ್ವಾ ಎಂಬ ಪ್ರಶ್ನೆ ಎಲ್ಲ ದೇಶದಲ್ಲೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಬೆಲೆ ಶೇ 10 ಏರಿದರೆ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಬಳಕೆ ಸುಮಾರು ಶೇ 5 ಇಳಿಯುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಪ್ಯಾಕಿನ ಬೆಲೆ 100 ರೂಪಾಯಿ, ಅದರಲ್ಲಿ ತೆರಿಗೆ 50 ರೂಪಾಯಿ. ನೂರು ಪ್ಯಾಕ್ ಮಾರಿದರೆ ಸರ್ಕಾರಕ್ಕೆ 5,000. ತೆರಿಗೆ 60ಕ್ಕೆ ಏರಿತು, ಬೆಲೆ 110 ಆಯಿತು, ಮಾರಾಟ 95 ಪ್ಯಾಕಿಗೆ ಇಳಿಯಿತು. ಈಗ ಬರುವುದು 5,700. ಸೇದುವುದು ಕಡಿಮೆಯಾಯಿತು, ಖಜಾನೆಗೆ ಜಾಸ್ತಿ ಬಂತು.

ಆದರೆ ಇದೇ ಲೆಕ್ಕದಲ್ಲಿ ಒಂದು ಮುಳ್ಳೂ ಇದೆ. ಸೇದುವವರೆಲ್ಲ ಸೇರಿ ಮೊದಲು 10,000 ರೂಪಾಯಿ ಕೊಡುತ್ತಿದ್ದರು, ಈಗ 10,450 ಕೊಡುತ್ತಾರೆ. ಬಿಟ್ಟವರಿಗೆ ಉಳಿತಾಯ, ಬಿಡಲಾಗದವರ ಜೇಬಿಗೆ ಇನ್ನೂ ದೊಡ್ಡ ಕತ್ತರಿ. ಹಾಗಾಗಿ ಆ ಹೆಚ್ಚುವರಿ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಲೇಬೇಕು.

ಫಿಲಿಪ್ಪೀನ್ಸ್ ಇದಕ್ಕೆ ಕಾನೂನಿನಲ್ಲೇ ಉತ್ತರ ಬರೆಯಿತು. 2012ರ ಡಿಸೆಂಬರ್‌ನಲ್ಲಿ ಸೆನೆಟ್, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆ, ಮಸೂದೆಯ ಅಂತಿಮ ರೂಪವನ್ನು ಒಪ್ಪಿದ್ದು 10–9ರಲ್ಲಿ, ಒಂದೇ ಒಂದು ಮತದ ಅಂತರದಲ್ಲಿ. ಅದೇ ತಿಂಗಳು ಅಧ್ಯಕ್ಷ ಬೆನಿಗ್ನೊ ಅಕಿನೊ ಸಹಿ ಹಾಕಿದರು. ಅಗ್ಗದ ಪ್ಯಾಕಿನ ತೆರಿಗೆ 2013ರಲ್ಲಿ 2.72ರಿಂದ ಒಮ್ಮೆಲೇ 12 ಪೆಸೊಗೆ ಹಾರಿತು. ದುಬಾರಿ ಪ್ಯಾಕಿನದು 25ಕ್ಕೆ ನಿಂತಿತು, ಅಂದರೆ ಹಿಂದಿಗಿಂತ ಸ್ವಲ್ಪ ಕಡಿಮೆಯೇ. ಆಮೇಲೆ ವರ್ಷ ವರ್ಷ ಅಂತರ ಕಿರಿದಾಗುತ್ತಾ ಹೋಗಿ, 2017ರಲ್ಲಿ ಎಲ್ಲ ಪ್ಯಾಕಿಗೂ ಒಂದೇ ದರವಾಯಿತು: 30 ಪೆಸೊ. 2023ಕ್ಕೆ ಅದು 60. ಬಂದ ಹೆಚ್ಚುವರಿ ಆದಾಯದಲ್ಲಿ ಶೇ 15 ತಂಬಾಕು ಬೆಳೆಯುವ ಪ್ರಾಂತ್ಯಗಳಿಗೆ, ಉಳಿದದ್ದು ಆರೋಗ್ಯಕ್ಕೆ. ಆರೋಗ್ಯ ಇಲಾಖೆಯ ಬಜೆಟ್ ನಾಲ್ಕೇ ವರ್ಷದಲ್ಲಿ ಸುಮಾರು ಮೂರು ಪಟ್ಟಾಯಿತು. ಲಕ್ಷಾಂತರ ಬಡ ಕುಟುಂಬಗಳ ಆರೋಗ್ಯ ವಿಮೆಯ ಕಂತನ್ನು ಸರ್ಕಾರವೇ ಕಟ್ಟಿತು. ಸೇದುವ ವಯಸ್ಕರು 2009ರಲ್ಲಿ ಶೇ 28.3 ಇದ್ದರು, 2015ರಲ್ಲಿ ಶೇ 22.7ಕ್ಕೆ ಇಳಿದರು.

ಎಲ್ಲವೂ ಸುಸೂತ್ರ ಅಂತೇನಲ್ಲ. 2021ರ ನಂತರ ತಂಬಾಕಿನ ಆದಾಯ ಇಳಿಯತೊಡಗಿದೆ. ಕಳ್ಳಸಾಗಣೆಯ ಸಿಗರೇಟು ಬರುತ್ತಿದೆ, ವೇಪ್ (ಇ-ಸಿಗರೇಟು) ಬಂದಿದೆ. ನನ್ನ ದೃಷ್ಟಿಯಲ್ಲಿ ಇದು ತೆರಿಗೆ ಇಳಿಸಬೇಕು ಎನ್ನುವುದಕ್ಕಿಂತ ಬಂದರಿನಲ್ಲಿ, ಗೋದಾಮಿನಲ್ಲಿ ಕಾವಲು ಬಿಗಿ ಮಾಡಬೇಕು ಎಂಬುದಕ್ಕೆ ಸಾಕ್ಷಿ.

ಈಗ ನಮ್ಮ ಮೆಟ್ಟಿಲು ನೋಡಿ. ಭಾರತದಲ್ಲಿ ಅದರ ಹೆಸರು ಬೀಡಿ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ 4, ಬೀಡಿ ಸೇದುವವರು ಶೇ 7.7. ಜಿಎಸ್‌ಟಿ ಬಂದಾಗ ಸಿಗರೇಟಿನ ಮೇಲೆ ಪರಿಹಾರ ಸೆಸ್ ಎಂಬ ಹೆಚ್ಚುವರಿ ತೆರಿಗೆ ಬಿತ್ತು, ಬೀಡಿಗೆ ಬೀಳಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ದರವನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಅದೇ ಸಭೆಯಲ್ಲಿ ಸಿಗರೇಟಿಗೆ ಶೇ 40 ಎಂದಾಯಿತು. ಅಂತರ ಕಿರಿದಾಗುವ ಬದಲು ಅಗಲವಾಗುವ ದಾರಿ ಇದು.

ಕಾರಣ ಎಲ್ಲರಿಗೂ ಗೊತ್ತು: ಬೀಡಿ ಕಟ್ಟುವವರ ಹೊಟ್ಟೆಪಾಡು. ಸುಳ್ಳಲ್ಲ. ದಕ್ಷಿಣ ಕನ್ನಡದಲ್ಲಿ ಎಷ್ಟೋ ಮನೆಗಳು ಹೆಂಗಸರು ಕಟ್ಟಿದ ಬೀಡಿಯ ಮೇಲೇ ನಿಂತಿವೆ. ಆದರೆ ಅವರ ಮಜೂರಿ ನಿಗದಿಯಾಗುವುದು ಸಾವಿರ ಬೀಡಿಗೆ ಇಷ್ಟು ಎಂದು. ತೆರಿಗೆ ಇಳಿದ ಕೂಡಲೇ ಅದು ತಾನಾಗಿ ಏರುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರ ಕಥೆ ಬೇರೆ. ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಹದ ಮಾಡಿದ ಅವರ ಸೊಪ್ಪಿನ ದೊಡ್ಡ ಪಾಲು ಹರಾಜಿನಿಂದ ಹೊರದೇಶಕ್ಕೆ ಹೋಗುತ್ತದೆ. ಇಲ್ಲಿನ ಸಿಗರೇಟು ತೆರಿಗೆಗಿಂತ ಅಂತಾರಾಷ್ಟ್ರೀಯ ಬೇಡಿಕೆಯೇ ಅವರ ಬೆಲೆಯನ್ನು ಜಾಸ್ತಿ ಅಲುಗಾಡಿಸುತ್ತದೆ.

ಹಾಗಾದರೆ ಫಿಲಿಪ್ಪೀನ್ಸ್‌ನಂತೆ ತೆರಿಗೆಯಲ್ಲೇ ಒಂದು ಪಾಲನ್ನು ಬೀಡಿ ಕಟ್ಟುವವರಿಗೆ ಎತ್ತಿಡಬಾರದೇ? ಅಂಥ ವ್ಯವಸ್ಥೆ ನಮ್ಮಲ್ಲಿ ಅವರಿಗಿಂತ ಮೊದಲೇ ಇತ್ತು. 1976ರ ಕಾನೂನಿನಂತೆ ಬೀಡಿಯ ಮೇಲೆ ಕಲ್ಯಾಣ ಸೆಸ್ ಹಾಕಿ, ಆ ದುಡ್ಡಿನಲ್ಲಿ ಕಾರ್ಮಿಕರಿಗೆ ಆಸ್ಪತ್ರೆ, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆ ಕಟ್ಟಲು ನೆರವು ಕೊಡುತ್ತಿದ್ದರು. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಆ ಸೆಸ್ ರದ್ದಾಯಿತು.