ಮೀಟರ್ ಪಾಸ್ ಮಾಡಿದ ಕೆಪಾಸಿಟರ್

ಮಳೆಗಾಲ ಹಿಡಿಯಿತು ಅಂದರೆ ತೀರ್ಥಹಳ್ಳಿಯ ನನ್ನ ಅಂಗಡಿಗೆ ಸೆಟ್‌ಟಾಪ್ ಬಾಕ್ಸುಗಳ ಸಾಲು ಶುರು. ಮೊನ್ನೆ ಆಗುಂಬೆ ಕಡೆಯ ತೋಟದವರೊಬ್ಬರು ಒಂದನ್ನು ತಂದಿದ್ದರು. ಆನ್ ಆಗುತ್ತದೆ, ಎರಡು ನಿಮಿಷಕ್ಕೆ ತಾನೇ ಆಫ್ ಆಗಿ ಮತ್ತೆ ಮೊದಲಿಂದ. ಮಗ ಮನೆಯಲ್ಲೇ ಮಲ್ಟಿಮೀಟರ್ ಹಿಡಿದು ಎಲ್ಲ ನೋಡಿದ್ದನಂತೆ. "ಕಂಡೆನ್ಸರ್ ಎಲ್ಲ ಸರಿ ಇದೆ ಮಾರಾಯ್ರೇ, ಐಸಿನೇ ಹೋಗಿರ್ಬೇಕು" ಅಂದರು.

ಹುಡುಗ ನೋಡಿದ್ದು ತಪ್ಪಲ್ಲ. 12 ವೋಲ್ಟ್ ಲೈನಿನ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ (ಕಂಡೆನ್ಸರ್ ಅಂದರೂ ಇದೇ, ಕರೆಂಟ್ ತುಂಬಿಟ್ಟುಕೊಳ್ಳುವ ಭಾಗ) ಬಿಚ್ಚಿ ನೋಡಿದರೆ ನನ್ನ ಮೀಟರಿನಲ್ಲೂ 870 ಬಂತು. ಶೇಕಡಾ 20ರಷ್ಟು ಹೆಚ್ಚುಕಮ್ಮಿ ನಡೆಯುತ್ತದೆ, ಹಾಗಾಗಿ ಪಾಸ್. ತಲೆಯೂ ಉಬ್ಬಿರಲಿಲ್ಲ. ಆದರೆ ಬಿಚ್ಚುವ ಮೊದಲೇ ಸ್ಕೋಪ್, ಅಂದರೆ ವೋಲ್ಟೇಜನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್, ಬೇರೆ ಕಥೆ ಹೇಳಿತ್ತು. ಏರಿಳಿತ ಮಾತ್ರ ಕಾಣುವ ಎಸಿ ಕಪ್ಲಿಂಗ್‌ಗೆ ಹಾಕಿ, 12 ವೋಲ್ಟ್ ಲೈನಿಗೆ ಪ್ರೋಬ್ ಮುಟ್ಟಿಸಿದರೆ ಗರಗಸದ ಹಲ್ಲಿನಂಥ ಗೆರೆ, ಒಂದು ವೋಲ್ಟಿಗಿಂತ ಜಾಸ್ತಿ ಎತ್ತರ. ಅಲ್ಲಿ ಹತ್ತಾರು ಮಿಲಿವೋಲ್ಟ್ ಅಷ್ಟೇ ಇರಬೇಕಿತ್ತು.

ತೋಟದ ಟ್ಯಾಂಕ್ ತುಂಬಿದ್ದರೂ ಪೈಪಿನ ಬಾಯಿಗೆ ಕಸ ಕಟ್ಟಿದರೆ ಸ್ಪ್ರಿಂಕ್ಲರ್ ತಿರುಗುವುದಿಲ್ಲ, ಅಲ್ವಾ? ಇದೂ ಅದೇ. ಒಳಗಿನ ದ್ರವ ಒಣಗುತ್ತಾ ಹೋದಂತೆ ಕೆಪಾಸಿಟರಿನೊಳಗೆ ರೆಸಿಸ್ಟೆನ್ಸ್ ಏರುತ್ತದೆ. ಅದಕ್ಕೆ ಇಎಸ್‌ಆರ್ ಅನ್ನುತ್ತೇವೆ. ಮೀಟರ್ ನಿಧಾನವಾಗಿ ಅಳೆಯುತ್ತದೆ, ಟ್ಯಾಂಕಿನಲ್ಲಿ ನೀರೆಷ್ಟು ಅನ್ನುವುದಷ್ಟೇ ಅದಕ್ಕೆ ಗೊತ್ತು. ಈ ಪವರ್ ಸಪ್ಲೈಗಳು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಆಗುತ್ತವೆ. ಆ ವೇಗದಲ್ಲಿ ಕಸ ಕಟ್ಟಿದ ಬಾಯಿ ನಡೆಯುವುದಿಲ್ಲ.

ಮನೆಯಲ್ಲಿ ಸ್ಕೋಪ್, ಬೇಕಾದ ಅಲೆ ಹುಟ್ಟಿಸುವ ಫಂಕ್ಷನ್ ಜನರೇಟರ್ ಎರಡೂ ಇದ್ದರೆ ಕರೆಂಟ್ ಕೊಡದೆಯೇ ಪರೀಕ್ಷೆ ಮಾಡಬಹುದು. ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ. ಜನರೇಟರಿನಲ್ಲಿ 100 ಕಿಲೋಹರ್ಟ್ಜ್ ಚೌಕ ಅಲೆ ಇಡಿ. ಏನೂ ಜೋಡಿಸದಾಗ ಸ್ಕೋಪಿನಲ್ಲಿ 200 ಮಿಲಿವೋಲ್ಟ್ ಕಾಣಬೇಕು. ಅಷ್ಟು ಕಮ್ಮಿ ಇದ್ದರೆ ಬೋರ್ಡಿನ ಡಯೋಡ್, ಟ್ರಾನ್ಸಿಸ್ಟರ್ ಎಚ್ಚರವಾಗುವುದಿಲ್ಲ. ಜನರೇಟರ್, ಪ್ರೋಬ್ ಎರಡನ್ನೂ ಕೆಪಾಸಿಟರಿನ ಕಾಲುಗಳಿಗೇ ಹಿಡಿಯಿರಿ. ಜನರೇಟರಿನ ಒಳಗೇ 50 ಓಮ್ ಇರುತ್ತದೆ. ಒಂದು ಓಮ್ ಇಎಸ್‌ಆರ್‌ಗೆ ಸುಮಾರು 4 ಮಿಲಿವೋಲ್ಟ್, ಐದು ಓಮ್‌ಗೆ 18. ಒಳ್ಳೆಯ ದೊಡ್ಡ ಕೆಪಾಸಿಟರ್ ಆದರೆ ಗೆರೆ ಹೆಚ್ಚುಕಮ್ಮಿ ಮಲಗಿಬಿಡುತ್ತದೆ. ಅಂಚಿನಲ್ಲಿ ಸೂಜಿಯಂತೆ ಏಳುವುದು ವೈರಿನ ಚೇಷ್ಟೆ, ಅದನ್ನು ಬಿಡಿ, ಮೆಟ್ಟಿಲಿನ ಎತ್ತರ ನೋಡಿ. ನಂಬಿಕೆ ಬರದಿದ್ದರೆ ಮೊದಲು ಒಂದು ಓಮ್ ರೆಸಿಸ್ಟರ್ ಇಟ್ಟು ನೋಡಿಕೊಳ್ಳಿ. ನಾನು ಈಗಲೂ ಹಾಗೇ ಮಾಡುತ್ತೇನೆ.

ನಮ್ಮ ಬಾಕ್ಸಿನದ್ದು 14 ಮಿಲಿವೋಲ್ಟ್ ತೋರಿಸಿತು. ಅಂದರೆ ಹತ್ತಿರ ಹತ್ತಿರ ನಾಲ್ಕು ಓಮ್. ಪಕ್ಕದಲ್ಲೇ ಇನ್ನೊಂದು ಕೆಪಾಸಿಟರ್ ಪ್ಯಾರಲಲ್ ಇದ್ದಿದ್ದರೆ ಈ ರೋಗ ಬೋರ್ಡಿನ ಮೇಲೆ ಮುಚ್ಚಿಹೋಗುತ್ತಿತ್ತು. ಆಗ ಒಂದು ಕಾಲು ಬಿಚ್ಚಲೇಬೇಕು.

ಕರೆಂಟ್ ಇದ್ದಾಗ ನೋಡುವವರಿಗೆ ಗಟ್ಟಿಯಾಗಿ ಒಂದು ಮಾತು. ಸ್ಕೋಪ್ ಪ್ರೋಬಿನ ಗ್ರೌಂಡ್ ಕ್ಲಿಪ್ ಗೋಡೆಯ ಅರ್ಥ್ ಪಿನ್ನಿಗೇ ಸೇರಿರುತ್ತದೆ. ಪವರ್ ಸಪ್ಲೈನ ಮೊದಲ ಭಾಗದಲ್ಲಿ, ಅಂದರೆ 230 ವೋಲ್ಟ್ ಎಸಿ ಸುಮಾರು 325 ವೋಲ್ಟ್ ಡಿಸಿ ಆಗುವ ಕಡೆ, ಆ ಕ್ಲಿಪ್ ಹಾಕಿದರೆ ಢಂ. ಅದಕ್ಕಾಗಿ ಸ್ಕೋಪಿನ ಅರ್ಥ್ ಪಿನ್ ಮುರಿಯುವವರನ್ನೂ ನೋಡಿದ್ದೇನೆ. ಆಮೇಲೆ ಸ್ಕೋಪಿನ ಮೈಯೇ ಶಾಕ್ ಹೊಡೆಯುತ್ತದೆ. ನಮ್ಮಲ್ಲಿ ಹಳೇ ಮನೆಗಳ ಅರ್ಥಿಂಗೇ ಅನುಮಾನ, ಅದರ ಮೇಲೆ ಇದು ಬೇರೆ! ಆ 325 ವೋಲ್ಟ್ ಕಡೆಯ ದೊಡ್ಡ ಕೆಪಾಸಿಟರನ್ನು ಖಾಲಿ ಮಾಡಲು ಸ್ಕ್ರೂಡ್ರೈವರ್ ಬೇಡ. 2.2 ಕಿಲೋಓಮ್, 5 ವ್ಯಾಟ್ ರೆಸಿಸ್ಟರನ್ನು ಕಾಲುಗಳ ನಡುವೆ ಕೆಲವು ಸೆಕೆಂಡ್ ಹಿಡಿದು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಕೈ ಹಾಕಿ.

ಹೊಸದು ತರುವಾಗ 105 ಡಿಗ್ರಿ, ಲೋ ಇಎಸ್‌ಆರ್ ಅಂತ ಕೇಳಿ. ಕೆಪಾಸಿಟರ್ ಹೋದದ್ದು ಥಂಡಿಗೆ ಅಂತ ನಮ್ಮ ಕಡೆ ಎಲ್ಲರ ನಂಬಿಕೆ. ನಾನು ನೋಡಿದಂತೆ ಕೊಲ್ಲುವುದು ಬಿಸಿ. ಹತ್ತು ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ಬಾಕ್ಸೂ ಥಂಡಿ ತಾಗದಿರಲಿ ಅಂತ ದಪ್ಪ ಕಸೂತಿ ಬಟ್ಟೆ ಹೊದ್ದುಕೊಂಡೇ ಬಂದಿತ್ತು. ರಿಪೇರಿ ಮುಗಿಸಿ ಬಟ್ಟೆಯನ್ನು ಬೇರೆ ಕವರಿನಲ್ಲಿ ಹಾಕಿ ಕೊಟ್ಟೆ. "ಇದು ಅವಳು ಹಾಕಿದ್ದು, ತೆಗೀರಿ ಅಂತ ನೀವೇ ಫೋನ್ ಮಾಡಿ ಹೇಳಿ" ಅಂದರು.