ಚಳಿಯ ಲೆಕ್ಕ ಇಡುವ ಬೀಜ

ಮೊದಲ ಸಲ ಐರಿಸ್ ಅನ್ನುವ ಹೂಗಿಡದ ಬೀಜ ಕೈಗೆ ಸಿಕ್ಕಾಗ ನಾನೊಂದು ತಪ್ಪು ಮಾಡಿದೆ. ಈ ಬೀಜಕ್ಕೆ ಚಳಿ ಬೇಕು ಅಂತ ಎಲ್ಲೋ ಓದಿದ್ದೆ. ಕಾಗದದ ಪೊಟ್ಟಣ ಕಟ್ಟಿ ಫ್ರಿಜ್ಜಿನಲ್ಲಿಟ್ಟೆ. ಮೂರು ತಿಂಗಳು ಬಿಟ್ಟು, ಚಳಿಗಾಲ ಮುಗಿದ ಮೇಲೆ ತೆಗೆದು ಕುಂಡದಲ್ಲಿ ಬಿತ್ತಿದೆ. ದಿನಾ ಬೆಳಿಗ್ಗೆ ಹೋಗಿ ಇಣುಕಿದ್ದೇ ಬಂತು, ಒಂದೂ ಮೊಳೆಯಲಿಲ್ಲ. ಬೀಜ ಕೆಟ್ಟಿರಲಿಲ್ಲ, ಚಳಿಗೂ ಕೊರತೆ ಇರಲಿಲ್ಲ. ಬೇಕಿದ್ದದ್ದು ನೀರು.

ಒಣ ಬೀಜಕ್ಕೆ ಚಳಿ ತಟ್ಟುವುದೇ ಇಲ್ಲ. ಒಳಗಿನ ರಾಸಾಯನಿಕ ಕೆಲಸಗಳು ನಡೆಯಬೇಕಾದರೆ ಬೀಜ ನೀರು ಕುಡಿದು ಉಬ್ಬಿರಬೇಕು. ಒಣಗಿದ್ದರೆ ಎಲ್ಲವೂ ಹೆಚ್ಚುಕಮ್ಮಿ ಸ್ತಬ್ಧ. ಬೀಜ ಬ್ಯಾಂಕುಗಳು ನಡೆಯುವುದೇ ಈ ಗುಟ್ಟಿನ ಮೇಲೆ. ಬೀಜವನ್ನು ಚೆನ್ನಾಗಿ ಒಣಗಿಸಿ, ಮೈನಸ್ 18 ಡಿಗ್ರಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ನಾನೂ ಗೊತ್ತಿಲ್ಲದೆ ಒಂದು ಪುಟ್ಟ ಬೀಜ ಬ್ಯಾಂಕ್ ತೆರೆದಿದ್ದೆ, ಅಷ್ಟೇ.

ಐರಿಸ್ ಅಂದರೆ ಗ್ರೀಕರಿಗೆ ಕಾಮನಬಿಲ್ಲಿನ ದೇವತೆ. ಸುಮಾರು 300 ಜಾತಿಗಳಿರುವ ಈ ಗಿಡಕ್ಕೆ ಆ ಹೆಸರು ಸುಮ್ನೆ ಬಂದಿಲ್ಲ, ಹೂವಿನ ಬಣ್ಣಗಳನ್ನು ನೋಡಿದರೆ ಗೊತ್ತಾಗುತ್ತೆ. ಮೂರು ಎಸಳು ಮೇಲಕ್ಕೆ ನಿಂತಿರುತ್ತವೆ, ಮೂರು ಕೆಳಕ್ಕೆ ಬಾಗಿರುತ್ತವೆ. ಹೂ ಉದುರಿದ ಮೇಲೆ ಮೂರು ಕೋಣೆಯ ಕಾಯಿ ಬಲಿಯುತ್ತದೆ. ಎರಡು ತಿಂಗಳೋ ಇನ್ನೂ ಸ್ವಲ್ಪ ಜಾಸ್ತಿಯೋ ಆದ ಮೇಲೆ ಅದು ತುದಿಯಿಂದ ಬಿರಿಯುತ್ತದೆ. ಒಳಗೆ ಬೀಜಗಳು ನಾಣ್ಯ ಪೇರಿಸಿಟ್ಟ ಹಾಗೆ ಸಾಲಾಗಿ ಕೂತಿರುತ್ತವೆ.

ಈಗ ಬೀಜದ ಕಡೆಯಿಂದ ಯೋಚಿಸಿ. ಹಿಮ ಬೀಳುವ ನಾಡುಗಳಲ್ಲಿ ಅದು ನೆಲಕ್ಕೆ ಬೀಳುವುದು ಬೇಸಿಗೆಯ ಕೊನೆಯಲ್ಲಿ. ಮಣ್ಣು ಇನ್ನೂ ಬೆಚ್ಚಗಿದೆ, ಮಳೆಯೂ ಬರಬಹುದು. ಮೊಳೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಬೇಕಾ? ಆದರೆ ಈಗ ಮೊಳೆತರೆ ಎಳೆಗಿಡ ಹಿಮಕ್ಕೆ ಸಿಕ್ಕಿ ಸಾಯುತ್ತದೆ. ಹಾಗಾಗಿ ಬೆಚ್ಚಗಿನ ಹಸಿ ಮಣ್ಣು ಸಿಕ್ಕರೂ ಬೀಜ ನಂಬುವುದಿಲ್ಲ. ಚಳಿಗಾಲ ಬಂದು ಹೋಗಿದೆ ಅನ್ನುವುದಕ್ಕೆ ಅದಕ್ಕೆ ಸಾಕ್ಷಿ ಬೇಕು.

ಈ ಅಡ್ಡಿ ಇರುವುದು ಎಲ್ಲಿ? 1940ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಎಲ್. ಎಫ್. ರಾಂಡಾಲ್ಫ್ ಇದರ ಬೆನ್ನು ಹತ್ತಿದ್ದರು. ಬೀಜವನ್ನು ಕೊಯ್ದು, ಒಳಗಿನ ಪುಟ್ಟ ಭ್ರೂಣವನ್ನಷ್ಟೇ ಹೊರತೆಗೆದು, ಪೋಷಕಾಂಶ ಬೆರೆಸಿದ ಅಗಾರ್ ಅನ್ನುವ ಜೆಲ್ಲಿಯ ಮೇಲೆ ಇಟ್ಟರೆ ಅದು ಚಳಿಯನ್ನೇ ಕಾಣದೆ ಬೆಳೆಯುತ್ತದೆ! ಅಂದರೆ ಭ್ರೂಣಕ್ಕೆ ಹೊರಡುವ ಶಕ್ತಿ ಮೊದಲೇ ಇದೆ. ಅದನ್ನು ತಡೆದಿರುವುದು ಸುತ್ತ ಇರುವ ಗಟ್ಟಿ ಆಹಾರದ ಭಾಗ ಮತ್ತು ಸಿಪ್ಪೆ.

ಇಂಥ ಬೀಜಗಳಲ್ಲಿ ಎರಡು ಹಾರ್ಮೋನುಗಳ ಜಗ್ಗಾಟ ನಡೆದಿರುತ್ತದೆ. ಆಬ್ಸಿಸಿಕ್ ಆಮ್ಲ "ಬೇಡ" ಅನ್ನುತ್ತದೆ, ಜಿಬ್ಬರೆಲಿನ್ "ಹೊರಡು" ಅನ್ನುತ್ತದೆ. ನೀರು ಕುಡಿದ ಬೀಜ ವಾರಗಟ್ಟಲೆ ತಣ್ಣಗಿದ್ದರೆ ಮೊದಲನೆಯದರ ಹಿಡಿತ ಸಡಿಲವಾಗುತ್ತಾ ಹೋಗುತ್ತದೆ, ಎರಡನೆಯದರ ಕೈ ಮೇಲಾಗುತ್ತದೆ. ಒಂದು ರಾತ್ರಿಯ ಚಳಿಗೆ ಆಗುವ ಕೆಲಸ ಅಲ್ಲ ಇದು. ನಾವು ಚಳಿಗಾಲದಲ್ಲಿ ಬೀಜ ಮಲಗಿದೆ ಅಂತೀವಿ, ಅಲ್ವಾ? ನನಗೆ ಆ ಮಾತು ಒಪ್ಪಿಗೆಯಿಲ್ಲ. ಮಣ್ಣೊಳಗೆ ಕೂತು ಅದು ಚಳಿಯ ದಿನಗಳನ್ನು ಎಣಿಸುತ್ತಿರುತ್ತದೆ.

ಈ ಎಣಿಕೆಗೆ 4 ಡಿಗ್ರಿ ಆಸುಪಾಸು ಚೆನ್ನಾಗಿ ಹೊಂದುತ್ತದೆ. ಚಳಿ ಜಾಸ್ತಿಯಾದಷ್ಟೂ ಒಳ್ಳೆಯದು ಅಂದುಕೊಂಡು ಫ್ರೀಜರಿಗೆ ಹಾಕಿದರೆ ಕೆಲಸ ಕೆಡುತ್ತದೆ. ಅಲ್ಲಿ ಲೆಕ್ಕ ನಿಂತೇ ಹೋಗುತ್ತದೆ, ನೆನೆದ ಬೀಜವಾದರೆ ಸತ್ತೂ ಹೋಗಬಹುದು. ಫ್ರಿಜ್ಜಿನಲ್ಲೇ ಮಾಡುವುದಾದರೆ ಬೀಜವನ್ನು ಮೊದಲು ಕೆಲವು ದಿನ ನೆನೆಹಾಕಿ, ದಿನಾ ನೀರು ಬದಲಿಸಿ. ತಡೆಯುವ ವಸ್ತುಗಳಲ್ಲಿ ಒಂದಿಷ್ಟು ಹಾಗೇ ತೊಳೆದುಹೋಗುತ್ತದೆ. ಆಮೇಲೆ ಹಿಂಡಿ ತೆಗೆದ ಬಟ್ಟೆಯಷ್ಟು ಹಸಿಯಾದ ಮರಳಿನಲ್ಲಿ ಬೆರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎರಡು ಮೂರು ತಿಂಗಳು ಇಡಿ. ಆಗಾಗ ತೆರೆದು ನೋಡಿ, ಬೂಸ್ಟು ಬಂದರೆ ತೊಳೆದು ಮರಳು ಬದಲಿಸಿ. ಇದಕ್ಕೆ ಸ್ಟ್ರಾಟಿಫಿಕೇಶನ್ ಅಂತ ದೊಡ್ಡ ಹೆಸರಿದೆ. ಹಿಂದೆ ತೋಟಗಾರರು ಒಂದು ಪದರ ಹಸಿ ಮರಳು, ಒಂದು ಪದರ ಬೀಜ ಅಂತ ಪೇರಿಸಿಡುತ್ತಿದ್ದರು. ಆ ಪದರದಿಂದಲೇ ಈ ಹೆಸರು.

ಚಳಿಗಾಲ ನಿಜವಾಗಿಯೂ ಚಳಿಯಾಗಿರುವ ಕಡೆ ಇಷ್ಟೆಲ್ಲ ಬೇಕಾಗಿಲ್ಲ. ಚಳಿಗೆ ಮುಂಚೆ ಕುಂಡದಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ, ಇಲಿ ಕೆದಕದ ಹಾಗೆ ಜಾಲರಿ ಮುಚ್ಚಿ ಹೊರಗಿಡಿ. ಮಳೆ, ಹಿಮ ಉಳಿದದ್ದನ್ನು ನೋಡಿಕೊಳ್ಳುತ್ತವೆ. ನನಗೆ ಇದೇ ಇಷ್ಟ, ಫ್ರಿಜ್ಜಿನಲ್ಲಿ ಜಾಗಕ್ಕೆ ಮನೆಯವರ ಹತ್ತಿರ ಜಗಳ ಆಡುವುದು ತಪ್ಪುತ್ತದೆ.

ಒಂದೇ ಕಾಯಿಯ ಬೀಜಗಳೂ ಒಟ್ಟಿಗೆ ಮೊಳೆಯುವುದಿಲ್ಲ. ಕೆಲವು ಮೊದಲ ವಸಂತದಲ್ಲಿ ಬರುತ್ತವೆ, ಕೆಲವು ಮರುವರ್ಷಕ್ಕೆ ಕಾಯುತ್ತವೆ. ಪಶ್ಚಿಮ ಏಷ್ಯಾದ ಒಣನಾಡಿನ ಕೆಲವು ಐರಿಸ್‌ಗಳಂತೂ ಹಲವು ವರ್ಷ ಸತಾಯಿಸುತ್ತವೆ. ಎಲ್ಲವೂ ಒಂದೇ ವರ್ಷ ಮೊಳೆತು, ಆ ವರ್ಷವೇ ಕೆಟ್ಟದ್ದಾದರೆ ಸಂತಾನವೇ ಹೋಯಿತು. ಹಾಗಾಗಿ ಖಾಲಿ ಕಂಡ ಕುಂಡವನ್ನು ಸುರಿದುಬಿಡಬೇಡಿ.

ನಾನು ಸುರಿಯದೆ ಇದ್ದದ್ದು ಬುದ್ಧಿವಂತಿಕೆಯಿಂದ ಅಲ್ಲ, ಸೋಮಾರಿತನದಿಂದ. ಆ ಕುಂಡ ಮೂಲೆಯಲ್ಲೇ ಬಿದ್ದಿತ್ತು. ಮುಂದಿನ ಚಳಿಗಾಲವಿಡೀ ನೆನೆಯಿತು, ತಣ್ಣಗಾಯಿತು. ವಸಂತದಲ್ಲಿ ಅದರ ತುಂಬ ಹುಲ್ಲು. ಕಿತ್ತು ಹಾಕೋಣ ಅಂತ ಒಂದು ಎಸಳು ಎಳೆದೆ. ಬುಡದಲ್ಲಿ ಸುಕ್ಕುಗಟ್ಟಿದ ಕಂದು ಬೀಜ ಒಂದು ಬಿಳಿ ದಾರಕ್ಕೆ ನೇತಾಡುತ್ತಿತ್ತು. ಐರಿಸ್‌ಗೆ ಬೀಜದೆಲೆ ಒಂದೇ. ಅದರ ತುದಿ ಬೀಜದೊಳಗೇ ಉಳಿದು, ಅಲ್ಲಿನ ಆಹಾರವನ್ನು ಹೀರಿ ಗಿಡಕ್ಕೆ ಕಳಿಸುತ್ತಿರುತ್ತದೆ. ಹುಲ್ಲು ಅಂತ ನಾನು ಹಿಡಿದಿದ್ದು ಅದರ ಮೊದಲ ಎಲೆ.

ಗಾಬರಿಯಲ್ಲಿ ಮತ್ತೆ ಮಣ್ಣಿಗೆ ಒತ್ತಿ ನೀರು ಹಾಕಿದೆ. ಬದುಕಿಕೊಂಡಿತು. ತಾಯಿಗಿಡದ್ದೇ ಬಣ್ಣ ಬೇಕಿದ್ದರೆ ಗೆಡ್ಡೆ ಒಡೆದು ನೆಡಬೇಕಿತ್ತು. ಬೀಜದ ಗಿಡ ತನ್ನದೇ ಬಣ್ಣ ತರುತ್ತದೆ. ಮೊಳೆತ ಮೇಲೆ ಹೂ ಬಿಡಲು ಎರಡು ಮೂರು ವರ್ಷ ಬೇಕು. ಈಗ ಎಲೆಗಳು ಬೀಸಣಿಗೆ ಬಿಚ್ಚಿದ ಹಾಗೆ ಹರಡಿಕೊಂಡಿವೆ, ಮೊಗ್ಗು ಇನ್ನೂ ಇಲ್ಲ.