ನೂರಕ್ಕೆ ನೂರು ಸರಿ, ಯಾವ ನೂರು?

ಪ್ರಶ್ನೆ: ಮಗಳನ್ನು ಎಂಟನೆಯ ತರಗತಿಗೆ ಸೇರಿಸಬೇಕು. ನಮ್ಮೂರಿನ ಒಂದು ಪ್ರೌಢಶಾಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರತಿ ವರ್ಷವೂ ನೂರಕ್ಕೆ ನೂರು. ಅಲ್ಲಿಯ ಮುಖ್ಯ ಶಿಕ್ಷಕರು ಸಮರ್ಥರು ಎನ್ನಲು ಇನ್ನೇನು ಬೇಕು?

ಉತ್ತರ: ಇನ್ನೊಂದು ಸಂಖ್ಯೆ ಬೇಕು. ಮೇ ತಿಂಗಳು ಬಂದರೆ ಈ ಪ್ರಶ್ನೆಯೂ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತೇನೆ, ಮರುವರ್ಷ ಶಾಲೆಯ ಗೇಟಿಗೆ ಇನ್ನೂ ದೊಡ್ಡ ಫ್ಲೆಕ್ಸ್ ಏರುತ್ತದೆ. ಈ ಸಲ ಲೆಕ್ಕವನ್ನೇ ಬಿಡಿಸಿಡುತ್ತೇನೆ, ಹತ್ತನೆಯ ತರಗತಿಯ ಗಣಿತವೂ ಬೇಕಿಲ್ಲ.

ಎರಡು ಶಾಲೆಗಳಿವೆ ಎಂದುಕೊಳ್ಳಿ. ಎರಡಕ್ಕೂ ಎಂಟನೆಯ ತರಗತಿಗೆ 60 ಮಕ್ಕಳು ಸೇರಿದರು. ಮೊದಲ ಶಾಲೆಯಿಂದ ಮೂರು ಶೈಕ್ಷಣಿಕ ವರ್ಷಗಳ ಕೊನೆಗೆ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರು 42, ತೇರ್ಗಡೆಯಾದವರೂ 42. ಎರಡನೆಯದರಲ್ಲಿ ಕುಳಿತವರು 58, ತೇರ್ಗಡೆಯಾದವರು 51. ಪತ್ರಿಕೆಯಲ್ಲಿ ಮೊದಲನೆಯದಕ್ಕೆ ಶೇ 100, ಎರಡನೆಯದಕ್ಕೆ ಶೇ 88ರ ಆಸುಪಾಸು. ಈಗ ಸೇರಿದ 60 ಮಕ್ಕಳನ್ನು ಆಧಾರವಾಗಿಟ್ಟು ಭಾಗಿಸಿ ನೋಡಿ. ಮೊದಲನೆಯದು ಶೇ 70, ಎರಡನೆಯದು ಶೇ 85. ಸನ್ಮಾನ, ಶಾಲು, ಹಾರ ಎಲ್ಲ ಹೋಗುವುದು ಮೊದಲನೆಯದಕ್ಕೇ.

ಉಳಿದ 18 ಮಕ್ಕಳು ಎಲ್ಲಿ ಹೋದರು? ಕೆಲವರ ತಂದೆಗೆ ವರ್ಗವಾಗಿರಬಹುದು, ಅದನ್ನು ಒಪ್ಪೋಣ. ಆದರೆ ಎಲ್ಲರಿಗೂ ವರ್ಗವಾಗುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಆಸರೆ ಎಂಟನೆಯ ತರಗತಿಗೆ ಮುಗಿಯುತ್ತದೆ, ಕೈಚಳಕ ನಡೆಯುವುದು ಒಂಬತ್ತರಲ್ಲಿ. ಪೋಷಕರನ್ನು ಕರೆಸಿ ‘ಇವನಿಗೆ ಇಲ್ಲಿ ಕಷ್ಟವಾಗುತ್ತಿದೆ, ಬೇರೆ ಕಡೆ ನೋಡಿ’ ಎಂದು ಮೆತ್ತಗೆ ಹೇಳಿ ಟಿಸಿ ಕೈಗಿಡುವುದು ಒಂದು ದಾರಿ. ಅಲ್ಲೇ ನಪಾಸು ಮಾಡಿ ಕೂರಿಸುವುದು ಇನ್ನೊಂದು. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಿಸಿದರಂತೂ ಆ ಮಗುವಿನ ಸೋಲು ಶಾಲೆಯ ಲೆಕ್ಕಕ್ಕೇ ಬರುವುದಿಲ್ಲ. ಮೊರದಲ್ಲಿ ಕೇರಿ ಉಳಿದ ಕಾಳನ್ನಷ್ಟೇ ತೋರಿಸಿ ‘ನೋಡಿ ನಮ್ಮ ಬೆಳೆ’ ಎಂದು ಬೀಗುವುದನ್ನು ನಾವು ಶಾಲಾ ನಾಯಕತ್ವ ಎಂದು ಕರೆಯುತ್ತಿದ್ದೇವೆ.

‘ಸರಿ, ಆದರೂ ಫಲಿತಾಂಶ ಏನೋ ಒಂದನ್ನು ಹೇಳಲೇಬೇಕಲ್ಲ’ ಎನ್ನುತ್ತೀರಿ. ಹೇಳುತ್ತದೆ, ಬಹಳ ಸಲ ಪರೀಕ್ಷೆ ಹೇಗೆ ನಡೆಯಿತು ಎಂಬುದನ್ನು. 2021ರಲ್ಲಿ ಕೋವಿಡ್ ಕಾರಣಕ್ಕೆ ಎರಡೇ ದಿನಗಳ ಬಹು ಆಯ್ಕೆಯ ಪರೀಕ್ಷೆ ನಡೆದಾಗ ರಾಜ್ಯದಲ್ಲಿ ಒಬ್ಬ ವಿದ್ಯಾರ್ಥಿಯನ್ನು ಬಿಟ್ಟು ಬರೆದವರೆಲ್ಲ ತೇರ್ಗಡೆಯಾದರು. ಆ ಒಬ್ಬರೂ ಬಿದ್ದದ್ದು ತಮ್ಮ ಬದಲು ಬೇರೆಯವರನ್ನು ಕೂರಿಸಿದ್ದಕ್ಕೆ. 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾಯಿತು. ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಮುಖ್ಯ ಶಿಕ್ಷಕರೆಲ್ಲ ಸಾಮೂಹಿಕವಾಗಿ ಕೆಟ್ಟುಹೋದರೇ? ಅದೇ ವರ್ಷ ಉಡುಪಿ ಜಿಲ್ಲೆ ಶೇ 94, ಯಾದಗಿರಿ ಶೇ 50.59. ಶಿಕ್ಷಕರ ಖಾಲಿ ಹುದ್ದೆ, ಗುಳೆ ಹೋಗುವ ಕುಟುಂಬ, ಮನೆಯಲ್ಲಿ ಓದು ಬಲ್ಲವರಿಲ್ಲದ ಮೊದಲ ತಲೆಮಾರು ಇವನ್ನೆಲ್ಲ ಬದಿಗಿಟ್ಟು ಆ ಎರಡು ಅಂಕಿಗಳಿಂದ ಮುಖ್ಯ ಶಿಕ್ಷಕರನ್ನು ತೂಗುವವರಿಗೆ ನನ್ನ ನಮಸ್ಕಾರ.

ಹಾಗಾದರೆ ಎಲ್ಲ ಮಕ್ಕಳನ್ನೂ ಮೇಲೆತ್ತುವ ಮುಖ್ಯ ಶಿಕ್ಷಕರನ್ನು ಗುರುತಿಸುವುದು ಹೇಗೆ? ಜೂನ್‌ನಲ್ಲಿ ಎಂಟನೆಯ ತರಗತಿಯ ಯಾವ ಮಗುವಿಗೆ ಒಂದು ಪ್ಯಾರಾ ಓದಲು ಬರುವುದಿಲ್ಲ, ಯಾರಿಗೆ ಭಾಗಾಕಾರ ಬರುವುದಿಲ್ಲ ಎಂಬುದು ಅವರಿಗೆ ಹೆಸರು ಸಮೇತ ಗೊತ್ತಿರುತ್ತದೆ. ಹಿಂದಿನ ತರಗತಿಗಳ ಕಲಿಕೆಯನ್ನು ವರ್ಷದ ಆರಂಭದಲ್ಲೇ ಅಳೆಯುವ ಸೇತುಬಂಧ ಪರೀಕ್ಷೆ ಇರುವುದೇ ಇದಕ್ಕಾಗಿ. ಬಹಳ ಕಡೆ ಅದರ ಉತ್ತರ ಪತ್ರಿಕೆಗಳು ಕಟ್ಟಿಟ್ಟ ದಾರವನ್ನೂ ಬಿಚ್ಚದೆ ಕಪಾಟು ಸೇರುತ್ತವೆ. ಮುಂದೆ ಜನವರಿಯಲ್ಲಿ ಗಾಬರಿ ಶುರುವಾಗಿ, ಅದೇ ಮಗುವಿಗೆ ‘ಪಾಸಿಂಗ್ ಪ್ಯಾಕೇಜ್’ ಹೆಸರಿನಲ್ಲಿ ನಾಲ್ಕು ನಕ್ಷೆ, ಎರಡು ಪದ್ಯ, ಒಂದು ಪತ್ರವನ್ನು ಬಾಯಿಪಾಠ ಮಾಡಿಸುತ್ತಾರೆ. ಮಗು ಪಾಸಾಗುವ ಅಂಕ ದಾಟುತ್ತದೆ, ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲೇ ಕುಸಿಯುತ್ತದೆ.

ಇನ್ನೊಂದು ಗುರುತು ವೇಳಾಪಟ್ಟಿ. ಶಾಲೆಯ ಅತ್ಯುತ್ತಮ ಗಣಿತ ಶಿಕ್ಷಕರಿಗೆ ಸಾಮಾನ್ಯವಾಗಿ ಹತ್ತನೆಯ ತರಗತಿಯೇ ಮೀಸಲು. ಅವರ ಕೆಲವು ಅವಧಿಗಳನ್ನು ಎಂಟಕ್ಕೆ ಕೊಡುವ ಧೈರ್ಯ ಮಾಡಿದ ಮುಖ್ಯ ಶಿಕ್ಷಕರು ಸಿಕ್ಕರೆ, ಅವರ ಶಾಲೆಯ ಗೇಟಿನಲ್ಲಿ ಫ್ಲೆಕ್ಸ್ ಇಲ್ಲದಿದ್ದರೂ ಒಳಗೆ ಹೋಗಿ.

ಇಲ್ಲಿ ನೀವು ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ. ಮುಖ್ಯ ಶಿಕ್ಷಕರು ಪಾಠ ಮಾಡಬೇಕೇ, ಅಥವಾ ಆಡಳಿತ ನೋಡಿಕೊಂಡರೆ ಸಾಕೇ? ನ್ಯೂಜಿಲೆಂಡ್‌ನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿ 2008ರಲ್ಲಿ ಪ್ರಕಟಿಸಿದ ಪ್ರಕಾರ, ಮಕ್ಕಳ ಕಲಿಕೆಯ ಮೇಲೆ ಅತಿ ಹೆಚ್ಚು ಪ್ರಭಾವ ಬೀರುವುದು ಶಿಕ್ಷಕರ ಕಲಿಕೆಯಲ್ಲಿ ತಾನೂ ಕುಳಿತು ಪಾಲ್ಗೊಳ್ಳುವ ಮುಖ್ಯಸ್ಥ. ಕನಸು ತೋರಿಸಿ ಹುರಿದುಂಬಿಸುವ ಶೈಲಿ ಬಹಳ ಹಿಂದೆ ಉಳಿಯಿತು. ನಮ್ಮಲ್ಲಾದರೋ ಮುಖ್ಯ ಶಿಕ್ಷಕರ ಬೆಳಗು ಮೊಟ್ಟೆ ಎಣಿಸುವುದರಲ್ಲಿ, ಹಾಲಿನ ಪುಡಿಯ ದಾಸ್ತಾನು ಬರೆಯುವುದರಲ್ಲಿ, ಮಕ್ಕಳ ದಾಖಲೆ ಇಡುವ ಸರ್ಕಾರಿ ತಂತ್ರಾಂಶವಾದ ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬುವುದರಲ್ಲಿ ಕಳೆಯುತ್ತದೆ. ‘ಅರ್ಧ ಗಂಟೆಯೊಳಗೆ ಕಳುಹಿಸಿ’ ಎಂಬ ಸಂದೇಶಗಳಿಗೆ ಉತ್ತರಿಸುವಷ್ಟರಲ್ಲಿ ಮಧ್ಯಾಹ್ನದ ಗಂಟೆ ಬಾರಿಸುತ್ತದೆ. ಹುದ್ದೆ ಖಾಲಿಯಿದ್ದು ಶಿಕ್ಷಕರೊಬ್ಬರೇ ಪ್ರಭಾರಿಯಾಗಿದ್ದರೆ ಇದರ ಮೇಲೆ ತಮ್ಮ ಪೂರ್ತಿ ಪಾಠಗಳೂ ಇರುತ್ತವೆ. ಆದ್ದರಿಂದ ದೂರುವ ಮೊದಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಈ ಕೆಲಸಗಳಲ್ಲಿ ಯಾವುದನ್ನು ಹಂಚಿಕೊಳ್ಳಬಹುದು ಎಂದು ಪೋಷಕರು ಕೇಳಬೇಕು. ಕಟ್ಟಡದ ಬಣ್ಣದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರಿಗೆ ಇದಕ್ಕೂ ಹತ್ತು ನಿಮಿಷ ಸಿಗುತ್ತದೆ.

ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ಆ ಶಾಲೆಗೆ ಹೋಗಿ ಮೂರು ಮಾತು ಕೇಳಿ. ಈ ಸಲ ಹತ್ತನೆಯ ತರಗತಿಯ ಪರೀಕ್ಷೆ ಬರೆದ ತಂಡ ಎಂಟಕ್ಕೆ ಸೇರಿದಾಗ ಅದರಲ್ಲಿ ಎಷ್ಟು ಮಕ್ಕಳಿದ್ದರು? ಒಂಬತ್ತರಲ್ಲಿ ಟಿಸಿ ಪಡೆದವರು ಎಷ್ಟು? ಮುಖ್ಯ ಶಿಕ್ಷಕರು ಯಾವ ತರಗತಿಗೆ ಪಾಠ ಮಾಡುತ್ತಾರೆ? ಮೂರನೆಯದಕ್ಕೆ ‘ಹತ್ತಕ್ಕೆ’ ಎಂದರೆ ಮೊದಲೆರಡರ ಉತ್ತರವನ್ನು ಇನ್ನಷ್ಟು ಎಚ್ಚರದಿಂದ ಕೇಳಿಸಿಕೊಳ್ಳಿ. ‘ಎಂಟಕ್ಕೆ’ ಎಂದರೆ ಅರ್ಜಿ ನಮೂನೆಯನ್ನು ಅಲ್ಲೇ ಕೇಳಿ ಪಡೆಯಿರಿ.